ಹಳೇ ಕಾರಿಗೆ ಒಳ ರೆಗ್ಯುಲೇಟರ್ ಆಲ್ಟರ್ನೇಟರ್: ನನ್ನ ಅನುಭವ

ಕಾರು ಹಳೇ ಪೆಟ್ರೋಲ್ ಗಾಡಿ. ರಾತ್ರಿ ಬಾಗಲಕೋಟೆಯಿಂದ ವಿಜಯಪುರಕ್ಕೆ ಹೊರಟರೆ ಹೆಡ್‌ಲೈಟ್ ಮಂದ. ಎಂಜಿನ್ ರೇಸ್ ಮಾಡಿದರೆ ಬ್ಯಾಟರಿಯಲ್ಲಿ 15.6 ವೋಲ್ಟ್, ಬ್ಯಾಟರಿ ನೀರು ಕುದಿಯುತ್ತಿತ್ತು. ಹೊಸ ಬ್ಯಾಟರಿ, ಹೊಸ ಬೆಲ್ಟ್, ಇನ್ನೊಂದು ಹೊರಗಿನ ರೆಗ್ಯುಲೇಟರ್ (ಚಾರ್ಜಿಂಗ್ ವೋಲ್ಟೇಜ್ ಮಿತಿಯಲ್ಲಿಡುವ ಭಾಗ), ಅರ್ತ್ ವೈರ್ ಉಜ್ಜಿ ಬಿಗಿ ಮಾಡಿದ್ದು: ಯಾವುದೂ ಉಪಯೋಗಕ್ಕೆ ಬರಲಿಲ್ಲ.

ಕೊನೆಗೆ ರೆಗ್ಯುಲೇಟರ್ ಒಳಗೇ ಇರುವ 60 ಆಂಪಿಯರ್ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಕರೆಂಟ್ ತಯಾರಿಸಿ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಹಾಕಿದೆ. ಕೂರಿಸೋದು ಸುಲಭ. ಪುಲ್ಲಿ ಒಂದೇ ಸಾಲಿಗೆ ಬಂದರೆ ಸಾಕು. ಕಷ್ಟ ಇರೋದು ವೈರಿಂಗ್‌ನಲ್ಲಿ.

ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿ. ಹಳೇ ರೆಗ್ಯುಲೇಟರ್ ತೆಗೆದು, ಅದರಿಂದ ಹಳೇ ಆಲ್ಟರ್ನೇಟರಿಗೆ ಹೋಗುತ್ತಿದ್ದ ಫೀಲ್ಡ್ ವೈರಿನ ತುದಿಗೆ ಟೇಪ್ ಸುತ್ತಿ. ಆಲ್ಟರ್ನೇಟರಿನ ಬಿ ಪ್ಲಸ್‌ (ಕರೆಂಟ್ ಹೊರಬರುವ ದಪ್ಪ ಪಿನ್) ನಿಂದ ಬ್ಯಾಟರಿ ಪಾಸಿಟಿವ್‌ಗೆ 10 ಚದರ ಮಿಲಿಮೀಟರ್ ವೈರ್ ಎಳೆಯಿರಿ. ಬ್ಯಾಟರಿ ಹತ್ತಿರ 80 ಆಂಪಿಯರ್ ಫ್ಯೂಸ್ ಇರಲಿ. ಹಳೇ ಸಣ್ಣ ವೈರನ್ನೇ ನಂಬಬೇಡಿ, ಬಿಸಿಯಾಗುತ್ತದೆ.

ಈಗ ಡಿ ಪ್ಲಸ್ ಪಿನ್, ಅಂದರೆ ಆಲ್ಟರ್ನೇಟರಿಗೆ ಚಾರ್ಜ್ ಶುರು ಮಾಡಲು ಬೇಕಾದ ಸಣ್ಣ ಕರೆಂಟ್ ಹೋಗುವ ಪಿನ್. ಅದಕ್ಕೆ ಇಗ್ನಿಷನ್ ಕರೆಂಟ್ ನೇರ ಕೊಡಬಾರದು. ಕೊಟ್ಟರೆ ಕೀ ತೆಗೆದರೂ ಎಂಜಿನ್ ಓಡುತ್ತಲೇ ಇರುತ್ತದೆ, ಯಾಕಂದ್ರೆ ಆಲ್ಟರ್ನೇಟರಿನ ಕರೆಂಟ್ ಆ ದಾರಿಯಲ್ಲಿ ವಾಪಸ್ ಸ್ಪಾರ್ಕ್ ಕೊಡುವ ಇಗ್ನಿಷನ್ ಕಾಯಿಲ್‌ಗೆ ಹೋಗುತ್ತದೆ. ನಡುವೆ ಡ್ಯಾಶ್‌ಬೋರ್ಡಿನ ಚಾರ್ಜಿಂಗ್ ದೀಪ ಇರಲೇಬೇಕು. ಅದು 12 ವೋಲ್ಟ್, 3 ವಾಟ್‌ನ ತಂತಿಯ ಬಲ್ಬ್ ಆಗಿರಲಿ. ಎಲ್‌ಇಡಿ ಹಾಕಿದರೆ ಕರೆಂಟ್ ಸಾಲದೆ, ಜೋರಾಗಿ ರೇಸ್ ಮಾಡುವವರೆಗೆ ಚಾರ್ಜೇ ಶುರುವಾಗೋದಿಲ್ಲ.

ಕೀ ತಿರುಗಿಸಿದಾಗ ದೀಪ ಹತ್ತಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ನನ್ನ ಗಾಡಿಯಲ್ಲಿ ಈಗ ಐಡ್ಲಿಂಗ್‌ನಲ್ಲಿ 13.9, ರೇಸ್ ಮಾಡಿದರೆ 14.3 ವೋಲ್ಟ್. ಹೆಡ್‌ಲೈಟ್ ಹಾಕಿದರೂ 13.7ಕ್ಕಿಂತ ಇಳಿಯಲ್ಲ.