ಸೀರೆ ಅಂಗಡಿಯ ಸೇಲ್ಸ್ ಕೆಲಸಕ್ಕೆ ಇಂಟರ್ವ್ಯೂ ಇದೆಯಾ? ಹೀಗೆ ತಯಾರಾಗಿ

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಒಂದು ಬಟ್ಟೆ ಅಂಗಡಿಯಲ್ಲಿ ನಾನು ಸೀರೆ ವಿಭಾಗ ನೋಡಿಕೊಳ್ಳುತ್ತೇನೆ. ಹೊಸಬರನ್ನು ತೆಗೆದುಕೊಳ್ಳುವಾಗ ಮಾಲೀಕರು ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ. ಬರುವವರಲ್ಲಿ ಹೆಚ್ಚಿನವರು ಮಾತು ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ನಾವು ನೋಡುವುದು ಬೇರೆ: ಎದುರಿಗಿದ್ದವರ ಮಾತು ಇವರು ಕೇಳಿಸಿಕೊಳ್ಳುತ್ತಾರಾ?

ಇಂಟರ್ವ್ಯೂಗೆ ಎರಡು ದಿನ ಮೊದಲು ಆ ಅಂಗಡಿಗೆ ಗಿರಾಕಿಯಾಗಿ ಹೋಗಿ ಬನ್ನಿ. ಭಾನುವಾರ ಸಂಜೆ ಹೋದರೆ ಒಳ್ಳೆಯದು, ರಶ್ ಹೇಗಿರುತ್ತದೆ ಅಂತ ಗೊತ್ತಾಗುತ್ತದೆ. ಸೀರೆ ಎಷ್ಟರಿಂದ ಶುರು? ಫಿಕ್ಸ್ ರೇಟಾ, ಚೌಕಾಸಿ ನಡೆಯುತ್ತದಾ? ಹಳ್ಳಿಯಿಂದ ಬರುವವರು ಜಾಸ್ತಿಯಾ, ಊರಿನವರಾ? "ನಮ್ಮ ಅಂಗಡಿ ನೋಡಿದ್ದೀರಾ?" ಅಂತ ಖಂಡಿತ ಕೇಳುತ್ತಾರೆ. ಕಂಡದ್ದನ್ನು ಹೇಳಿದರೆ ಸಾಕು.

ಸೀಸನ್ ತಿಳಿದುಕೊಂಡು ಹೋಗಿ. ನಮ್ಮ ಜಿಲ್ಲೆಯಲ್ಲಿ ಬಟ್ಟೆ ವ್ಯಾಪಾರ ತೊಗರಿಯ ಹಿಂದೆಯೇ ಬರುತ್ತದೆ. ಡಿಸೆಂಬರ್, ಜನವರಿಯಲ್ಲಿ ರಾಶಿ ಆಗಿ, ಮಾಲು ಮಾರಿ ಕೈಗೆ ದುಡ್ಡು ಬಂದ ಮೇಲೆ ಮದುವೆ ಜವಳಿ ಶುರು. ಮೇ ತನಕ ಬಿಡುವಿಲ್ಲ. ಹೋಳಿ ಆದ ಮೇಲೆ ಶರಣಬಸವೇಶ್ವರ ಜಾತ್ರೆ, ಆಮೇಲೆ ದಸರಾ, ದೀಪಾವಳಿ, ಜೊತೆಗೆ ರಂಜಾನ್. ಆ ದಿನಗಳಲ್ಲಿ ರಜೆ ಸಿಗುವುದು ಕಷ್ಟ. ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ, ಕೇಳಿದಾಗ ಸ್ಪಷ್ಟವಾಗಿ ಉತ್ತರ ಕೊಡಬಹುದು.

ಭಾಷೆ ಇನ್ನೊಂದು. ಆಳಂದ ಕಡೆಯ ಕೆಲವರು ಮರಾಠಿ ಮಾತಾಡುತ್ತಾರೆ, ಸೇಡಂ ಕಡೆಯ ಕೆಲವರು ತೆಲುಗು, ಊರಿನಲ್ಲಿ ಉರ್ದು, ಹಿಂದಿ. ಎಲ್ಲ ಬರಬೇಕು ಅಂತೇನಿಲ್ಲ. ಆದರೆ ರೇಟು ಅರ್ಥವಾಗಲೇಬೇಕು. ಡೇಢ್ ಸೌ ಅಂದರೆ 150, ಢಾಯಿ ಹಜಾರ್ ಅಂದರೆ 2,500, ಸಾಡೇ ಸಾತ್ ಸೌ ಅಂದರೆ 750. ಈ ಲೆಕ್ಕ ತಪ್ಪಿದರೆ ಗಿರಾಕಿ ಮುಂದೆಯೇ ಜಗಳ ಆಗುತ್ತದೆ. ಬಾಯಿ ಲೆಕ್ಕವನ್ನೂ ಅಭ್ಯಾಸ ಮಾಡಿ: 1,850ರ ಸೀರೆಗೆ 10 ಪರ್ಸೆಂಟ್ ಕಳೆದರೆ 1,665.

ಈಗ ಮುಖ್ಯ ಭಾಗ. ಕೈಗೆ ಒಂದು ಸೀರೆ ಕೊಟ್ಟು "ಇದನ್ನು ನನಗೆ ತೋರಿಸಿ" ಅನ್ನುತ್ತಾರೆ. ಬಹಳ ಜನ ತಕ್ಷಣ "ತುಂಬಾ ಚೆನ್ನಾಗಿದೆ ಮೇಡಂ, ಹೊಸ ಡಿಸೈನ್" ಅಂತ ಶುರು ಮಾಡುತ್ತಾರೆ. ನೀವು ಮೊದಲು ಕೇಳಿ. "ಬರ್ರಿ ಅಕ್ಕೋರೆ, ಯಾರಿಗೆ ಬೇಕಾಗಿತ್ತು? ಮದುವೆಗಾ, ದಿನಾ ಉಡಲಿಕ್ಕಾ? ಎಷ್ಟರೊಳಗೆ ತೋರಿಸಲಿ?" ಉತ್ತರ ಬಂದ ಮೇಲೆ ಸೀರೆ ಬಿಚ್ಚಿ. ಸೆರಗು ಮೊದಲು, ಆಮೇಲೆ ಅಂಚು, ಆಮೇಲೆ ಬ್ಲೌಸ್ ಪೀಸ್. ಹೆಗಲ ಮೇಲೆ ಹಾಕಿ ತೋರಿಸಿ, ಮಡಿಕೆಯಲ್ಲೇ ಇದ್ದರೆ ಸೀರೆ ಕಾಣುವುದಿಲ್ಲ. ಸಾಮಾನ್ಯವಾಗಿ ಸೀರೆ ಐದೂವರೆ ಮೀಟರ್, ಬ್ಲೌಸ್ ಪೀಸ್ ಸುಮಾರು 80 ಸೆಂಟಿಮೀಟರ್. ಇಳಕಲ್ ಸೀರೆ ಕೊಟ್ಟರೆ, ಹತ್ತಿಯ ಒಡಲಿಗೆ ರೇಷ್ಮೆ ಸೆರಗು ಕೂಡಿಸಿದ ಜಾಗವನ್ನು ಬೆರಳಿಟ್ಟು ತೋರಿಸಿ. ಹಾಗೆ ತೋರಿಸಿದವರನ್ನು ನಾನು ಮರೆಯುವುದಿಲ್ಲ.

ಗೊತ್ತಿಲ್ಲದ್ದನ್ನು ರೇಷ್ಮೆ ಅನ್ನಬೇಡಿ. "ಸಿಲ್ಕ್ ಮಾರ್ಕ್ ಲೇಬಲ್ ಇದೆಯಾ ನೋಡಿ ಹೇಳ್ತೀನಿ" ಅನ್ನಿ. ಎರಡು ಸಾವಿರ ಅಂದವರಿಗೆ ಎರಡು ಸಾವಿರದ್ದನ್ನೇ ಮೊದಲು ತೋರಿಸಿ, ಬೇಕಾದರೆ ಸ್ವಲ್ಪ ಮೇಲಿನದ್ದು ಒಂದೇ ಒಂದು. "ಅದು ನಿಮಗೆ ಜಾಸ್ತಿ ಆಗುತ್ತೆ" ಅನ್ನುವ ಮಾತು ಬಾಯಿಂದ ಬರಲೇಬಾರದು. ವರ್ಷವಿಡೀ ಹೊಲದಲ್ಲಿ ದುಡಿದು ಮಗಳ ಮದುವೆಗೆ ಸೀರೆ ತೆಗೆಯಲು ಬಂದ ತಾಯಿಗೆ ಆ ಮಾತು ಎಷ್ಟು ನೋಯಿಸುತ್ತದೆ! ಕೊಳ್ಳದೆ ಎದ್ದರೂ ಮುಖ ಸಣ್ಣ ಮಾಡಬೇಡಿ. "ಮತ್ತ ಬರ್ರಿ" ಅಂತ ಹೇಳಿ ಸೀರೆ ಮಡಚಿಡಿ. ಮಡಚುವುದನ್ನೂ ನಾವು ನೋಡುತ್ತೇವೆ, ಮನೆಯಲ್ಲಿ ಅಮ್ಮನ ಸೀರೆ ಹಿಡಿದು ಕಲಿತುಕೊಳ್ಳಿ.

ಅನುಭವ ಇಲ್ಲದಿದ್ದರೆ "ಇಲ್ಲ" ಅಂತ ಸುಮ್ನೆ ಕೂರಬೇಡಿ. ಸಂತೆಯಲ್ಲಿ ತರಕಾರಿ ಮಾರಿದ್ದು, ಟೈಲರ್ ಹತ್ತಿರ ಕೂತು ಫಾಲ್ ಹಚ್ಚಿದ್ದು ಎಲ್ಲವೂ ಅನುಭವವೇ ಅಲ್ವಾ?

ಬಟ್ಟೆ ಇಸ್ತ್ರಿ ಆಗಿದ್ದರೆ ಸಾಕು, ಹೊಸದೇ ಬೇಡ. ಉಗುರು ಮಾತ್ರ ಕತ್ತರಿಸಿಕೊಂಡು ಬನ್ನಿ, ಚೂಪಾದ ಉಗುರಿಗೆ, ಹರಳಿನ ಉಂಗುರಕ್ಕೆ ರೇಷ್ಮೆ ಎಳೆ ಸಿಕ್ಕಿಕೊಳ್ಳುತ್ತದೆ. ಆಧಾರ್, ಮಾರ್ಕ್ಸ್ ಕಾರ್ಡ್, ಪಾಸ್‌ಬುಕ್ ಇವುಗಳ ಜೆರಾಕ್ಸ್ ಮತ್ತು ಎರಡು ಫೋಟೋ ತನ್ನಿ. ಅಸಲು ಮಾರ್ಕ್ಸ್ ಕಾರ್ಡ್ ತೋರಿಸಿ ವಾಪಸ್ ತೆಗೆದುಕೊಳ್ಳಿ, ಅಂಗಡಿಯಲ್ಲಿ ಬಿಡಬೇಡಿ.

ಕೊನೆಗೆ "ಏನಾದರೂ ಕೇಳುವುದಿದೆಯಾ?" ಅಂದಾಗ ನಾಚಿಕೊಳ್ಳಬೇಡಿ. ಸಂಬಳ ಎಷ್ಟು, ಇನ್ಸೆಂಟಿವ್ (ಮಾರಾಟದ ಮೇಲೆ ಸಿಗುವ ಹೆಚ್ಚಿನ ದುಡ್ಡು) ಹೇಗೆ ಲೆಕ್ಕ ಹಾಕುತ್ತಾರೆ, ವಾರದ ರಜೆ ಯಾವತ್ತು ಅಂತ ಕೇಳಿ. ವಾರಕ್ಕೊಂದು ರಜೆ 1961ರ ಕರ್ನಾಟಕ ಅಂಗಡಿ ಕಾಯ್ದೆಯಲ್ಲೇ ಇದೆ. ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ಕೆಲಸಗಾರರ ಆರೋಗ್ಯ ವಿಮೆ) ಇದೆಯಾ ಕೇಳಿ. ಇಎಸ್‌ಐ ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಅನ್ವಯಿಸುತ್ತದೆ. ನಿಮ್ಮ ಸಂಬಳದಿಂದ 0.75 ಪರ್ಸೆಂಟ್, ಮಾಲೀಕರ ಕಡೆಯಿಂದ 3.25 ಪರ್ಸೆಂಟ್ ಹೋಗುತ್ತದೆ. ಹಳ್ಳಿಯಿಂದ ಓಡಾಡುವ ಹೆಣ್ಣುಮಕ್ಕಳು ಅಂಗಡಿ ಮುಚ್ಚುವ ಹೊತ್ತನ್ನೂ ತಮ್ಮ ಊರಿನ ಕೊನೇ ಬಸ್ಸನ್ನೂ ಹೊಂದಿಸಿ ನೋಡಿಕೊಂಡೇ ಒಪ್ಪಿಕೊಳ್ಳಿ. "ನಾಳೆಯಿಂದ ಟ್ರಯಲ್‌ಗೆ ಬನ್ನಿ" ಅಂದರೆ, ಆ ದಿನಗಳಿಗೂ ಪಗಾರ ಕೊಡುತ್ತಾರಾ ಅಂತ ಅಲ್ಲೇ ಕೇಳಿ ಬನ್ನಿ.