ಬೆಳಿಗ್ಗೆ ಕಾಫಿ, ಆಮೇಲೆ ಕೀ

ಕಾಫಿ ಕುಡಿದು ಲೋಟ ತೊಳೆದಿಟ್ಟ ಮೇಲೆ ನನಗೊಂದು ಕೆಲಸ ಇದೆ. ಬೀರುವಿನ ಮೇಲಿನ ಖಾನೆಯಿಂದ ಎಚ್‌ಎಂಟಿ ಕಂಪನಿಯ ಜನತಾ ವಾಚು ತೆಗೆದು ಕೀ ಕೊಡುವುದು. ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿದರೆ ಕರ್ರ್ ಕರ್ರ್ ಅನ್ನುತ್ತದೆ. ಇಪ್ಪತ್ತು, ಇಪ್ಪತ್ತೈದು ಸುತ್ತು ಆಗುವ ಹೊತ್ತಿಗೆ ಬಿಗಿಯಾಗುತ್ತದೆ. ಸಾಕು ಅಂತ ಬೆರಳಿಗೇ ಗೊತ್ತಾಗುತ್ತದೆ. ಅಲ್ಲಿಗೆ ಬಿಟ್ಟುಬಿಡಬೇಕು, ಇನ್ನೊಂದು ಸುತ್ತು ಅಂತ ಹಟ ಮಾಡಬಾರದು.

ಇದು ನಮ್ಮ ಮಾವನವರ ವಾಚು. ಒಮ್ಮೆ ಕೀ ಕೊಟ್ಟರೆ ಸುಮಾರು ಒಂದೂವರೆ ದಿನ ಓಡುತ್ತದೆ. ಹಾಗಂತ ಸಿಕ್ಕಾಗ ಕೊಡಬೇಡಿ. ದಿನಾ ಒಂದೇ ಹೊತ್ತಿಗೆ ಕೊಟ್ಟರೆ ನಡಿಗೆ ಸರಿ ಇರುತ್ತದೆ. ಕೈಗೆ ಕಟ್ಟಿಕೊಂಡೇ ಕೊಡುವುದೂ ಬೇಡ. ಕೀ ಓರೆಯಾಗಿ ಎಳೆದು ಒಳಗಿನ ಕಡ್ಡಿ ಬಾಗುತ್ತದೆ. ದಿನಕ್ಕೆ ಅರ್ಧ ನಿಮಿಷ, ಒಂದು ನಿಮಿಷ ಹಿಂದೆ ಮುಂದೆ ಆದರೆ ಅದು ರೋಗವಲ್ಲ, ವಯಸ್ಸು. ನನಗೂ ಆಗಿದೆ.

ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಎಚ್‌ಎಂಟಿ ವಾಚು ತಯಾರಾಗಲು ಶುರುವಾಯಿತು. ಆಮೇಲೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ನನ್ನ ಮದುವೆಯಲ್ಲಿ ಅಪ್ಪ ಅಳಿಯನಿಗೆ ಕೊಟ್ಟಿದ್ದು ಇದೇ ಕಂಪನಿಯ ಕಾಂಚನ್ ವಾಚು. ಆಗ ಅದು ಸಿಗುವುದೇ ಕಷ್ಟ, ಯಾರಿಗೋ ಹೇಳಿ, ಕಾದು ತರಿಸಿದ್ದರು. 2016ರಲ್ಲಿ ವಾಚು ಕಂಪನಿ ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ವಿಚಿತ್ರ ನೋಡಿ, ಕೊನೆಕೊನೆಗೆ ಅಂಗಡಿಯಲ್ಲಿ ಸಿಗುವಾಗ ಬೇಡವಾಗಿದ್ದ ವಾಚಿನ ಹುಚ್ಚು ಈಗ ಹುಡುಗರಿಗೆ ಹತ್ತಿದೆ.

ನನ್ನ ಮೊಮ್ಮಗನಿಗೂ ಹತ್ತಿದೆ. "ಅಜ್ಜಿ, ನನ್ನ ಹತ್ರ ಹದಿನಾಲ್ಕು ವಾಚು ಇದೆ" ಅಂದ. "ಓಡೋದು ಎಷ್ಟೋ?" ಅಂದೆ. "ನಾಲ್ಕು" ಅಂದ. ಉಳಿದ ಹತ್ತು ಡಬ್ಬಿಯಲ್ಲಿ ಮಲಗಿವೆ. ಅದಕ್ಕೆ ವಾಚು ಕೂಡಿಡುವುದು ಅನ್ನುತ್ತಾರಾ? ಎಷ್ಟಕ್ಕೆ ಕೀ ಕೊಡಲು ನಿಮಗೆ ಪುರುಸೊತ್ತಿದೆಯೋ ಅಷ್ಟೇ ಇಟ್ಟುಕೊಳ್ಳಿ ಅಂತ ನಾನು ಹೇಳುವುದು.

ಅವನು ತಂದ ಆ ಹತ್ತರಲ್ಲಿ ಒಂದು ಎಚ್‌ಎಂಟಿಯ ಪೈಲಟ್ ವಾಚು ಅಂತೆ, ಕಿತ್ತಳೆ ಬಣ್ಣದ್ದು. ಆನ್‌ಲೈನಿನಲ್ಲಿ ಕೊಂಡದ್ದು. ನನ್ನ ಭೂತಗನ್ನಡಿಯಲ್ಲಿ ನೋಡಿದೆ. ಡಯಲ್ ಮೇಲಿನ ಅಕ್ಷರ ದಪ್ಪದಪ್ಪ, ಅಂಚಿನಲ್ಲಿ ಶಾಯಿ ಹರಡಿದ ಹಾಗೆ. ನಿಮಿಷದ ಗೆರೆಗಳು ಒಂದರ ಹಾಗೆ ಒಂದಿಲ್ಲ. ಸೆಕೆಂಡಿನ ಮುಳ್ಳು ಬೇರೆ ಯಾವುದೋ ವಾಚಿನದು, ಗೆರೆಯವರೆಗೆ ಮುಟ್ಟುವುದೇ ಇಲ್ಲ. ಹಳೆ ಡಯಲ್ ಉಜ್ಜಿ ಹೊಸ ಬಣ್ಣ ಬಳಿದು, ಸಿಕ್ಕಿದ ಭಾಗ ಜೋಡಿಸಿ ಮಾರುತ್ತಾರೆ. ಗೊತ್ತಿದ್ದು ತೆಗೆದುಕೊಂಡರೆ ತಪ್ಪೇನಿಲ್ಲ, ಚೆಂದವೇ ಕಾಣುತ್ತದೆ. ಹಳೆಯದರ ಬೆಲೆ ಮಾತ್ರ ಕೊಡಬೇಡಿ. ಐವತ್ತು ವರ್ಷದ ವಾಚು ಫಳಫಳ ಹೊಳೆದರೆ ಮೊದಲು ಅನುಮಾನ ಪಡಿ. ಡಯಲ್ ಸ್ವಲ್ಪ ಹಳದಿ ತಿರುಗಿದ್ದು, ಒಂದೆರಡು ಚುಕ್ಕಿ ಇದ್ದದ್ದೇ ಎಷ್ಟೋ ವಾಸಿ.

ಕಾಂಚನ್ ಆಟೊಮ್ಯಾಟಿಕ್. ಕೈ ಆಡಿದ ಹಾಗೆ ತಾನೇ ಕೀ ತುಂಬಿಕೊಳ್ಳುತ್ತದೆ. ನಿಂತಿದ್ದರೆ ಅಂಗೈಯಲ್ಲಿ ಮೆಲ್ಲಗೆ ಹದಿನೈದು ಇಪ್ಪತ್ತು ಸಲ ಅಲ್ಲಾಡಿಸಿ ಕಟ್ಟಿಕೊಳ್ಳಿ. ತಾರೀಕು ಬದಲಾಯಿಸುವಾಗ ಮಾತ್ರ ಜೋಪಾನ. ರಾತ್ರಿ ಒಂಬತ್ತರಿಂದ ಬೆಳಗಿನ ಜಾವ ಮೂರರ ತನಕ ಅದರ ಹಲ್ಲುಗಳು ತಾವೇ ತಾರೀಕು ತಿರುಗಿಸುವ ಕೆಲಸದಲ್ಲಿರುತ್ತವೆ. ನಾವು ನಡುವೆ ಕೈ ಹಾಕಿದರೆ ಮುರಿಯುತ್ತವೆ. ನಿಂತ ವಾಚು ಹಗಲಿನ ಒಂಬತ್ತು ತೋರಿಸುತ್ತಿದೆಯೋ ರಾತ್ರಿಯದೋ ಗೊತ್ತಾಗುವುದಿಲ್ಲ, ಅಲ್ವಾ? ಮುಳ್ಳನ್ನು ಮುಂದಕ್ಕೆ ತಿರುಗಿಸಿ ಆರೂವರೆಗೆ ತಂದಿಟ್ಟು ಆಮೇಲೆ ತಾರೀಕು ಸರಿಮಾಡಿ. ಹಗಲೋ ರಾತ್ರಿಯೋ, ಆರೂವರೆಯಲ್ಲಿ ಭಯವಿಲ್ಲ.

ಇನ್ನು ನಮ್ಮ ತೀರ್ಥಹಳ್ಳಿ ಕಡೆಯ ಮಳೆ. ಜೂನ್ ಬಂದರೆ ಚರ್ಮದ ಬೆಲ್ಟಿಗೆ ಬೂಷ್ಟು ಹಿಡಿಯುತ್ತದೆ. ನಾನು ಮಳೆ ಶುರುವಾಗುವ ಮೊದಲೇ ಬೆಲ್ಟು ಬಿಚ್ಚಿ, ಒಣಬಟ್ಟೆಯಲ್ಲಿ ಒರೆಸಿ, ಪೇಪರಿನಲ್ಲಿ ಸುತ್ತಿ ಬೇರೆ ಇಡುತ್ತೇನೆ. ಮೂರು ತಿಂಗಳು ಸ್ಟೀಲಿನ ಚೈನೇ. ಹೊಸ ಸಾಮಾನಿನ ಡಬ್ಬದಲ್ಲಿ ಬರುವ, ತೇವ ಹೀರುವ ಸಿಲಿಕಾ ಪೊಟ್ಟಣ ಎಸೆಯದೆ ವಾಚಿನ ಡಬ್ಬಿಗೆ ಹಾಕಿ. ಹೊಸ ಬೆಲ್ಟು ತರುವಾಗ ಸುಮ್ನೆ ಅಂದಾಜಿನ ಮೇಲೆ ಹೋಗಬೇಡಿ, ವಾಚಿನಲ್ಲಿ ಬೆಲ್ಟು ಸಿಕ್ಕಿಸುವ ಎರಡು ಕಿವಿಗಳ ನಡುವಿನ ಜಾಗ ಸ್ಕೇಲಿನಲ್ಲಿ ಅಳೆಯಿರಿ. ಬೆಲ್ಟು ಅದಕ್ಕಿಂತ ಎರಡು ಮಿಲಿಮೀಟರ್ ಅಗಲ ಇದ್ದರೂ ಕೂರುವುದಿಲ್ಲ.

"ವಾಟರ್ ರೆಸಿಸ್ಟಂಟ್ 30 ಮೀಟರ್" ಅಂತ ಬರೆದಿದೆ ಎಂದು ನಮ್ಮವರು ಒಮ್ಮೆ ಹಂಡೆ ನೀರಿನ ಸ್ನಾನಕ್ಕೂ ವಾಚು ಕಟ್ಟಿಕೊಂಡೇ ಹೋದರು. ಹೊರಗೆ ಬಂದಾಗ ಗಾಜಿನೊಳಗೆ ಹಬೆ. ಆ ಮೂವತ್ತು ಮೀಟರ್ ಈಜಲಿಕ್ಕಲ್ಲ, ಕೈ ತೊಳೆಯುವಾಗ ಸಿಡಿಯುವ ಹನಿಗೆ. ಹಳೆ ವಾಚಿಗೆ ಅದೂ ಇಲ್ಲ. ಒಳಗೆ ನೀರು ಹೋದರೆ ಬಿಸಿಲಿಗಿಟ್ಟು ಕಾಯಬೇಡಿ, ಅವತ್ತೇ ರಿಪೇರಿಯವರ ಹತ್ತಿರ ಓಡಿ. ಒಂದು ವಾರ ಬಿಟ್ಟರೆ ತುಕ್ಕು ಹಿಡಿಯುತ್ತದೆ.

ನನ್ನದೂ ಒಂದು ತಪ್ಪು ಹೇಳಿಬಿಡುತ್ತೇನೆ. ಮಗಳು ಮೊದಲ ಸಂಬಳದಲ್ಲಿ ಕೊಡಿಸಿದ ಸೆಲ್ಲಿನ ವಾಚು. ಸೆಲ್ ಮುಗಿದು ನಿಂತಿತು, ಆಮೇಲೆ ಹಾಕಿಸೋಣ ಅಂತ ಡ್ರಾಯರಿನಲ್ಲಿ ಇಟ್ಟೆ. ಎರಡು ವರ್ಷದ ಮೇಲೆ ತೆಗೆಸಿದರೆ ಸೆಲ್ ಸೋರಿ ಒಳಗೆಲ್ಲ ಹಸಿರು ಪಾಚಿ ಕಟ್ಟಿತ್ತು. ಮಷೀನೇ ಹೋಯಿತು. ಕಟ್ಟಿಕೊಳ್ಳದಿದ್ದರೆ ಸೆಲ್ ತೆಗೆಸಿಯೇ ಇಡಿ.

ವಾಚು ಇದ್ದಕ್ಕಿದ್ದ ಹಾಗೆ ದಿನಕ್ಕೆ ಹತ್ತು ಹದಿನೈದು ನಿಮಿಷ ಮುಂದೆ ಓಡಿದರೆ ಗಾಬರಿ ಬೇಡ. ಅಯಸ್ಕಾಂತ ಹಿಡಿದಿರಬಹುದು. ಒಳಗಿನ ಕೂದಲೆಳೆಯಂಥ ಸ್ಪ್ರಿಂಗು ಅಂಟಿಕೊಂಡು ಜಾಸ್ತಿ ಓಡುತ್ತದೆ. ಸ್ಪೀಕರ್, ಮೊಬೈಲಿನ ಮುಚ್ಚುವ ಕವರ್, ಬಾಗಿಲಿನ ಮ್ಯಾಗ್ನೆಟ್, ಇವುಗಳ ಪಕ್ಕ ಇಡಬೇಡಿ. ದಿಕ್ಸೂಚಿ ಹತ್ತಿರ ಹಿಡಿದು ನೋಡಿ, ಮುಳ್ಳು ಅಲ್ಲಾಡಿದರೆ ಅದೇ. ಅದನ್ನು ತೆಗೆಯುವ ಮಷೀನು ಇರುವ ಅಂಗಡಿಯಲ್ಲಿ ಒಂದೇ ನಿಮಿಷದ ಕೆಲಸ.

ವಾಚಿನೊಳಗಿನ ಎಣ್ಣೆ ಒಣಗುವುದಕ್ಕೆ ಡಬ್ಬಿಯಲ್ಲಿಟ್ಟರೂ ಒಂದೇ, ಕೈಗೆ ಕಟ್ಟಿದರೂ ಒಂದೇ. ನಾಲ್ಕೈದು ವರ್ಷಕ್ಕೊಮ್ಮೆ ಬಿಚ್ಚಿಸಿ, ತೊಳೆಸಿ, ಎಣ್ಣೆ ಹಾಕಿಸಬೇಕು. ಪ್ಲಾಸ್ಟಿಕ್ ಗಾಜಿನ ಗೀರು ಮಾತ್ರ ಮನೆಯಲ್ಲೇ ಹೋಗುತ್ತದೆ, ಬಿಳಿ ಟೂತ್‌ಪೇಸ್ಟ್ ಚೂರು ಹಚ್ಚಿ ಮೆತ್ತನೆ ಬಟ್ಟೆಯಲ್ಲಿ ಉಜ್ಜಿ. ನೀರು ಸುರಿಯಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಮೊಮ್ಮಗನಿಗೆ ಕಾಂಚನ್ ಮೇಲೆ ಕಣ್ಣು. ಮೊದಲು ಆ ಹತ್ತನ್ನು ಓಡಿಸು, ಆಮೇಲೆ ನೋಡೋಣ ಅಂದಿದ್ದೇನೆ. ಈ ಯುಗಾದಿಗೆ ಬಂದಾಗ ಲೆಕ್ಕ ಕೇಳಿದೆ. ಎರಡನ್ನು ಮಾರಿದ್ದಾನೆ, ಮೂರನ್ನು ರಿಪೇರಿ ಮಾಡಿಸಿದ್ದಾನೆ. ಇನ್ನೂ ಐದು ಬಾಕಿ.