ಬಾರ ಅಂದ್ರೆ ಎಂಟೇ

ಹೋದ ದಸರಾದಲ್ಲಿ ನನ್ನ ಚೌಕಾಬಾರ ಸೆಟ್ಟು ನಲವತ್ತರ ಮೇಲೆ ಹೋದವು. ನಾಲ್ಕು ಬೀಜ ಎಸೆದು, ಬಿದ್ದ ಲೆಕ್ಕಕ್ಕೆ ಹಾಸಿನ ಮನೆಗಳ ಮೇಲೆ ಕಾಯಿ ನಡೆಸೋ ಆಟ ಅದು. ಮೂರು ವರ್ಷದ ಹಿಂದೆ ಇದನ್ನೇ ನೋಡಿ "ಹುಣಸೆ ಬೀಜಕ್ಕೆ ಯಾರಪ್ಪ ದುಡ್ಡು ಕೊಡ್ತಾರೆ, ನಾಲ್ಕು ಕವಡೆ ಹಾಕು, ಮುಗೀತು" ಅಂದವರು ಸುಮಾರು ಜನ. ಹಾಸು ಹೊಲಿಸೋದು, ಕಾಯಿ ಕಡೆಸೋದು ನಿಮಗೆ ಗೊತ್ತಿರೋದೇ. ನನ್ನ ತಲೆ ತಿಂದಿದ್ದು ಬೀಜ. ಅದಕ್ಕೂ ಮುಂಚೆ ಒಂದು ಪದ.

ಆಟದ ಕ್ರಮದ ಚೀಟಿ ಅಚ್ಚಿಗೆ ಕೊಟ್ಟಿದ್ದೆ. ನಾನು ಬರೆದಿದ್ದು "ಚೌಕ 4, ಬಾರ 8", ಅಂದ್ರೆ ನಾಲ್ಕೂ ಬೀಜ ಬಿಳಿ ಬಿದ್ರೆ ಚೌಕ, ನಾಲ್ಕೂ ಕರಿ ಬಿದ್ರೆ ಬಾರ. ಬಂದಿದ್ದು "ಬಾರ 12". ಕೇಳಿದ್ರೆ ಅಕ್ಷರ ಜೋಡಿಸೋ ಹುಡುಗ, "ಹಿಂದೀಲಿ ಬಾರಾ ಅಂದ್ರೆ ಹನ್ನೆರಡಲ್ವಾ ಅಣ್ಣ, ನೀವು ತಪ್ಪು ಬರೆದಿದ್ರಿ, ಸರಿ ಮಾಡ್ದೆ" ಅಂದ. ಪ್ರೂಫು ನೋಡದೆ ಇದ್ದದ್ದು ನನ್ನ ತಪ್ಪು. 500 ಚೀಟಿ, ಹೆಚ್ಚುಕಮ್ಮಿ 900 ರೂಪಾಯಿ, ನೀರೊಲೆಗೆ ಹೋಯ್ತು. ಅಷ್ಟರಲ್ಲಿ ಆರೇಳು ಸೆಟ್ಟು ಮಾರಾಟ ಆಗಿತ್ತು. ಒಬ್ಬರು ಫೋನ್ ಮಾಡಿ, "ಎರಡು ಬಾರ ಬಿದ್ರೆ ಕಾಯಿ ಹಣ್ಣಾಗಿಬಿಡುತ್ತಲ್ರೀ, ಇದೆಂಥ ಆಟ?" ಅಂದ್ರು. ನಿಜ ತಾನೇ. ಐದೈದು ಮನೆ ಹಾಸಿನಲ್ಲಿ ಕಾಯಿ ಹೊರಡೋ ಕಟ್ಟೆಯಿಂದ ಅದು ಹಣ್ಣಾಗೋ ನಡುಮನೆಗೆ ಇಪ್ಪತ್ನಾಲ್ಕೇ ಹೆಜ್ಜೆ. ಹನ್ನೆರಡು ಅಂತ ಹಿಡಿದ್ರೆ ಆಟವೇ ಉಳಿಯಲ್ಲ. ಪಾವಗಡ ಕಡೆಯ ತೆಲುಗು ಮಾತಾಡೋ ಗಿರಾಕಿಯೊಬ್ಬರು ಇದನ್ನೇ ಅಷ್ಟಾ ಚಮ್ಮಾ ಅಂತಾರೆ. ಅಲ್ಲೂ ಅಷ್ಟ ಎಂಟೇ. ಹಿಂದಿಯ ಬಾರಾ ಏನಾದ್ರೂ ಇರಲಿ, ನಮ್ಮ ಜಗಲಿ ಮೇಲೆ ಬಾರ ಅಂದ್ರೆ ಎಂಟೇ.

ಈಗ ಬೀಜ. ಕವಡೆ ಬೇಡ ಅಂದಿದ್ದು ಹಟಕ್ಕಲ್ಲ. ಒಂದೇ ಅಳತೆಯ ನಾಲ್ಕು ಕವಡೆ ಹುಡುಕೋಕೆ ಅರ್ಧ ಚೀಲ ಸುರೀಬೇಕು. ನಮ್ಮ ತುಮಕೂರು ಕಡೆ ಶಿವರಾತ್ರಿ ಕಳೆದ ಮೇಲೆ ಮನೆಮನೇಲೂ ಹುಣಸೆಹಣ್ಣು ಕುಟ್ತಾರೆ, ಬೀಜ ಪುಕ್ಕಟೆ.

ಮೊದಲು ಎಲ್ಲರ ಹಾಗೆ ಹುರಿದು ಒಡೆದೆ. ಬೀಜ ತಾನಾಗೇ ಎರಡು ಬೇಳೆ ಆಗುತ್ತೆ, ಕೆಲಸ ಸಲೀಸು. ಆದ್ರೆ ಹುರಿದದ್ದು ಒಂಚೂರು ಜಾಸ್ತಿಯಾದ್ರೆ ಸಿಪ್ಪೆ ಹಾರಿಹೋಗುತ್ತೆ, ಕರಿ ಬಿಳಿ ಎರಡೂ ಬಿಳಿ. ನೆನೆಸಿದ್ರೂ ಅದೇ ಕಥೆ. ಎರಡು ಸೇರು ಬೀಜ ಹೀಗೇ ಹೋಯ್ತು. ಉಳಿದವನ್ನ ಹಾಸಿನ ಮೇಲೆ ಎಸೆದು ಲೆಕ್ಕ ಬರೆದೆ. ಎರಡೂ ಮಗ್ಗುಲು ಸಮ ಬಿದ್ರೆ 16 ಸಲಕ್ಕೆ ಒಂದು ಬಾರ, ಒಂದು ಚೌಕ ಬೀಳಬೇಕು, 160ಕ್ಕೆ ಹತ್ಹತ್ತು. ನನಗೆ ಬಾರ ಮೂವತ್ತರ ಹತ್ರ, ಚೌಕ ಎರಡೋ ಮೂರೋ. ಬೇಳೆಯ ಚಪ್ಪಟೆ ಮೈ ನೆಲಕ್ಕೆ ಅಂಟಿ ಕೂರ್ತಿತ್ತು, ಕರಿ ಬೆನ್ನು ಮೇಲೆ. ಮಕ್ಕಳಿಗೆ ಖುಷಿಯೋ ಖುಷಿ. ನಮ್ಮ ದೊಡ್ಡಮ್ಮ ನಾಲ್ಕು ಕೈ ಆಡಿ, "ಇದು ಬರೀ ಮೋಸದ ಬೀಜ ಕಣೋ" ಅಂತ ಎದ್ದು ಹೋದರು.

ಒಡೆಯೋದು ಬಿಟ್ಟು ಉಜ್ಜೋಕೆ ಶುರುಮಾಡಿದೆ. ಇಡೀ ಬೀಜ ತಗೊಂಡು ಒಂದೇ ಮಗ್ಗುಲು ಗಾರೆ ನೆಲದ ಮೇಲೆ. "ಚಿಕ್ಕ ಮಕ್ಕಳ ಹಾಗೆ ಉಜ್ತಾ ಕೂರ್ತೀಯಲ್ಲೋ" ಅಂತ ಗೆಳೆಯರು ನಕ್ಕರು. ಬೆರಳ ತುದಿ ಸವೆದು ಸಾರು ಕಲಸಿದ್ರೆ ಉರೀತಿತ್ತು. ಗ್ರೈಂಡರಿಗೆ 1,800 ರೂಪಾಯಿ ಸುರಿದೆ. ಬಿಸಿಗೆ ಬಿಳಿ ಭಾಗ ಕಂದಿ ಕಾಫಿಬಣ್ಣ ಆಯ್ತು, ಅದು ಈಗ ಅಟ್ಟದ ಮೇಲಿದೆ. ಕೊನೆಗೆ ಒರಟು ಉಪ್ಪುಕಾಗದ, ಬೀಜ ಕಚ್ಚಿ ಹಿಡಿಯೋ ಮರದ ಹಿಡಿ. ಹಿಡಿಯ ಆಕಾರ ಕೇಳಬೇಡಿ.

ಗುಟ್ಟು ಇಷ್ಟೆ: ಅರ್ಧದವರೆಗೆ ಹೋಗಬಾರದು. ದಪ್ಪದಲ್ಲಿ ಮೂರನೇ ಒಂದು ಭಾಗ ಸವೆದಾಗ ನಿಲ್ಲಿಸಿ. ಕಪ್ಪು ಅಂಚಿನೊಳಗೆ ಬೆರಳುಗುರಿನಷ್ಟು ಬಿಳಿ ಕಾಣುತ್ತೆ, ಸಾಕು. ಮತ್ತೆ 160 ಎಸೆದೆ: ಬಾರ ಹನ್ನೆರಡೋ ಹದಿಮೂರೋ, ಚೌಕ ಎಂಟು. ದೊಡ್ಡಮ್ಮ ಮಧ್ಯಾಹ್ನ ಪೂರ್ತಿ ಆಡಿದ್ರು, ನನ್ನ ಮೂರು ಕಾಯಿ ಕಡಿದು ಗೆದ್ದರು. ಹುಳ ಹಿಡಿಯದ ಹಾಗೆ ಆಮೇಲೆ ಒಂದು ಕೆಲಸ ಮಾಡ್ತೀನಿ, ಅದು ನನ್ನ ಹತ್ರಾನೇ ಇರಲಿ.

ನಡುವೆ ಸೀತಾಫಲದ ಬೀಜ ನೋಡಿದೆ, ತೀರಾ ಹಗುರ. ಅಂಟುವಾಳದ ಬೀಜ ಉರುಳಿ ಮಂಚದ ಕೆಳಗೆ. ಹಿಂದೊಮ್ಮೆ ಮೈಸೂರಿನ ಜಗನ್ಮೋಹನ ಅರಮನೆ ಗೋಡೆ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರ ಆಟದ ಪಟಗಳನ್ನ ನೋಡಿದ್ದ ಹುರುಪಿಗೆ ಏಳೇಳು ಮನೆಯ ಹಾಸೂ ಮಾಡಿದೆ, ಆರು ಬೀಜ, ಎಲ್ಲಾ ಕರಿ ಬಿದ್ರೆ ಹನ್ನೆರಡು. ಅಚ್ಚಿನ ಹುಡುಗನ ಲೆಕ್ಕ ಇಲ್ಲಿಗೆ ಸರಿಹೋಗ್ತಿತ್ತು! ಆದ್ರೆ ಆರೂ ಒಟ್ಟಿಗೆ ಕರಿ ಬೀಳೋದು 64ಕ್ಕೊಂದು ಸಲ. ಆಡೋರು ಆಕಳಿಸಿದ್ರು. ಹತ್ತು ಹಾಸು ಮಾಡಿದ್ದೆ, ಎಂಟು ಬೀರುವಿನಲ್ಲಿವೆ.

ಈಗ ಸೆಟ್ಟಿಗೆ ಬೀಜ ಉಜ್ಜೋ ಕೂಲಿ 25, ಹಾಸು, ಕಾಯಿ, ಚೀಲ ಎಲ್ಲಾ ಸೇರಿ ಸುಮಾರು 210 ಬೀಳುತ್ತೆ, 350ಕ್ಕೆ ಮಾರ್ತೀನಿ. ಚೀಟಿ ಅಚ್ಚಾಗೋ ಮುಂಚೆ ಪ್ರೂಫನ್ನ ದೊಡ್ಡಮ್ಮನ ಕೈಗೆ ಕೊಡ್ತೀನಿ. ಅವರು ಓದೋದು ಒಂದೇ ಸಾಲು.